ಬ್ರೇಕ್ ಕೆಲಸ ಮಾಡಿಸಿದ ಮೇಲೆ ವೀಲ್ ನಟ್ ಸಡಿಲ ಆಗುವುದು ಯಾಕೆ?

ಪ್ರಶ್ನೆ: ಮುಂದಿನ ಎರಡೂ ಚಕ್ರಕ್ಕೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿಸಿದೆ. ಕೆಲವೇ ದಿನದಲ್ಲಿ ಎಡಗಡೆಯಿಂದ ಟಕ್ ಟಕ್ ಸದ್ದು ಶುರುವಾಯಿತು. ನೋಡಿದರೆ ಎರಡು ನಟ್ ಕೈಯಲ್ಲೇ ತಿರುಗುತ್ತಿವೆ! ಮೆಕ್ಯಾನಿಕ್ ಗಾಳಿ ಒತ್ತಡದಲ್ಲಿ ನಟ್ ತಿರುಗಿಸುವ ಗನ್ ಹಾಕಿ ಗಟ್ಟಿಯಾಗಿ ಬಿಗಿ ಮಾಡಿದ್ದನ್ನು ನಾನೇ ನೋಡಿದ್ದೇನೆ. ಮತ್ತೆ ಹೇಗೆ ಸಡಿಲವಾಯಿತು?

ಉತ್ತರ: ಗಾಡಿ ಬೇರೆ, ಚಕ್ರ ಬೇರೆ, ಪ್ರಶ್ನೆ ಮಾತ್ರ ಅದೇ. ಕೊನೆಯಲ್ಲಿ "ಅಷ್ಟು ಬಿಗಿ ಮಾಡಿದ್ದರೂ" ಅನ್ನುವ ಮಾತು ಇದ್ದೇ ಇರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಅವಸರದ್ದು. ನಟ್ ಕೈಯಲ್ಲಿ ತಿರುಗುತ್ತಿದ್ದರೆ ಗಾಡಿ ಓಡಿಸಬೇಡಿ. ಇನ್ನೊಮ್ಮೆ ಬಿಗಿ ಮಾಡಿ ಹೊರಟುಬಿಟ್ಟರೂ ಸಾಲದು. ಚಕ್ರ ಬಿಚ್ಚಿ ತೂತುಗಳನ್ನು ನೋಡಿ. ದುಂಡಗಿದ್ದ ತೂತು ಉದ್ದವಾಗಿ ಎಳೆದುಕೊಂಡಿದ್ದರೆ ಆ ಚಕ್ರದ ಆಯುಷ್ಯ ಮುಗಿಯಿತು. ಸ್ಟಡ್‌ನ, ಅಂದರೆ ನಟ್ ಕೂರುವ ಬೋಲ್ಟಿನ, ಥ್ರೆಡ್ ಸವೆದಿದ್ದರೆ ಅದನ್ನೂ ಬದಲಾಯಿಸಬೇಕು.

ಈಗ ಕಾರಣ. ಡಿಸ್ಕ್ ಕೂರುವುದು ಹಬ್‌ಗೂ (ಚಕ್ರವನ್ನು ಹೊತ್ತು ತಿರುಗುವ ನಡುಭಾಗ) ಚಕ್ರಕ್ಕೂ ನಡುವೆ. ಹಾಗಾಗಿ ನಟ್ ಹಬ್, ಡಿಸ್ಕ್, ಚಕ್ರ ಮೂರನ್ನೂ ಸೇರಿಸಿ ಒತ್ತಿ ಹಿಡಿಯಬೇಕು. ವರ್ಷಗಟ್ಟಲೆ ಅಂಟಿಕೊಂಡಿದ್ದ ಹಳೇ ಡಿಸ್ಕ್ ಸುಮ್ನೆ ಬರುವುದಿಲ್ಲ, ಸುತ್ತಿಗೆ ಏಟು ಬೀಳುತ್ತದೆ. ಆಗ ಹಬ್‌ನ ಮೈಮೇಲೆ ತುಕ್ಕಿನ ಹಕ್ಕಳೆ ಏಳುತ್ತದೆ. ಅದನ್ನು ವೈರ್ ಬ್ರಷ್‌ನಿಂದ ಉಜ್ಜದೆ ಹೊಸ ಡಿಸ್ಕ್ ಕೂರಿಸಿದರೆ ಆ ಹಕ್ಕಳೆ ಒಳಗೇ ಸಿಕ್ಕಿಕೊಳ್ಳುತ್ತದೆ. ನಟ್ ಬಿಗಿ ಮಾಡುವಾಗ ಗಟ್ಟಿಯಾಗಿ ಕೂತಂತೆಯೇ ಅನ್ನಿಸುತ್ತದೆ. ಗಾಡಿ ಓಡಿ, ಬ್ರೇಕ್ ಬಿಸಿಯಾಗಿ ತಣ್ಣಗಾಗುತ್ತಾ ಹಕ್ಕಳೆ ಪುಡಿಯಾಗುತ್ತದೆ. ಅದು ಬಿಟ್ಟುಹೋದ ಜಾಗ ಕೂದಲೆಳೆಯಷ್ಟು. ಸಾಕು, ಅಷ್ಟರಲ್ಲೇ ಬಿಗಿ ಹೋಗಿರುತ್ತದೆ.

ಅಷ್ಟಕ್ಕೇ ಹೇಗೆ ಹೋಗುತ್ತದೆ ಅಂತೀರಾ? ಇಲ್ಲೇ ನೋಡಿ ಆ ಹಠಮಾರಿ ನಂಬಿಕೆ ಅಡ್ಡ ಬರುವುದು: "ಜಾಸ್ತಿ ಬಿಗಿ ಮಾಡಿದಷ್ಟೂ ಭದ್ರ." ಎಷ್ಟು ಸಲ ಹೇಳಿದರೂ ಇದು ಹೋಗುವುದಿಲ್ಲ. ಆಗಲಿ, ಇನ್ನೊಮ್ಮೆ ಹೇಳುತ್ತೇನೆ.

ನಟ್ ಬಿಗಿ ಮಾಡುವಾಗ ಸ್ಟಡ್ ರಬ್ಬರ್ ಬ್ಯಾಂಡ್‌ನಂತೆ ಹಿಗ್ಗುತ್ತದೆ. ಉಕ್ಕು ಹಿಗ್ಗುವುದು ತೀರಾ ಸ್ವಲ್ಪ, ಆದರೆ ಹಿಗ್ಗಿದ್ದು ಹಿಂದಕ್ಕೆ ಎಳೆಯುತ್ತದೆ. ಆ ಎಳೆತ ಚಕ್ರವನ್ನು ಹಬ್‌ಗೆ ಅದುಮಿ ಹಿಡಿಯುತ್ತದೆ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಗುಂಡಿಯಲ್ಲಿ ಬೀಳುವ ಭಾರವನ್ನು ಹೊರುವುದು ಹೀಗೆ ಅದುಮಿದ ಮೈಗಳ ನಡುವಿನ ಘರ್ಷಣೆ. ಹಿಗ್ಗಿರುವುದೇ ಕೂದಲೆಳೆಯಷ್ಟು ಅಂದಮೇಲೆ, ನಡುವೆ ಅಷ್ಟೇ ದಪ್ಪದ ತುಕ್ಕು ಪುಡಿಯಾದರೆ ಉಳಿಯುವುದೇನು?

ಜರ್ಮನಿಯ ಎಂಜಿನಿಯರ್ ಗೆರ್‌ಹಾರ್ಡ್ ಯುಂಕರ್ 1969ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಬೋಲ್ಟ್ ಹಿಡಿದಿರುವ ಎರಡು ಮೈಗಳು ಪಕ್ಕಕ್ಕೆ ಅತ್ತಿತ್ತ ಜಾರಲು ಶುರುವಾದರೆ ನಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಮೊದಲು ಅದುಮು ಕಡಿಮೆಯಾಗುತ್ತದೆ, ಆಮೇಲೆ ಜಾರುವಿಕೆ, ಕೊನೆಗೆ ನಟ್ ತಿರುಗುವುದು. ನಿಮ್ಮ ಕಣ್ಣಿಗೆ ಬಿದ್ದದ್ದು ಕೊನೆಯ ಹಂತ.

"ಹಾಗಾದ್ರೆ ಇನ್ನೂ ಜಾಸ್ತಿ ಹಿಗ್ಗಿಸೋಣ, ಅಲ್ವಾ?" ಬೇಡ. ಒಂದು ಮಿತಿ ದಾಟಿ ಎಳೆದ ಸ್ಟಡ್ ಮತ್ತೆ ಮೊದಲಿನಂತೆ ಆಗುವುದಿಲ್ಲ. ಉದ್ದವಾಗಿಯೇ ಉಳಿಯುತ್ತದೆ, ಥ್ರೆಡ್ ಕಿತ್ತುಕೊಳ್ಳುತ್ತದೆ, ಒಂದು ದಿನ ಮುರಿಯುತ್ತದೆ. ಸ್ವಲ್ಪ ಲೆಕ್ಕ ಹಾಕಿ. 70 ಕೆ.ಜಿ. ತೂಕದ ಮನುಷ್ಯ 40 ಸೆಂ.ಮೀ. ಉದ್ದದ ಪಾನದ ತುದಿಗೆ ಹತ್ತಿ ನಿಂತರೆ ನಟ್ ಮೇಲೆ ಬೀಳುವ ತಿರುಚು ಬಲ, ಅಂದರೆ ಟಾರ್ಕ್, ಸುಮಾರು 275 ನ್ಯೂಟನ್ ಮೀಟರ್. ಸಾಮಾನ್ಯ ಕಾರಿಗೆ ಬೇಕಾದದ್ದು ಹೆಚ್ಚುಕಮ್ಮಿ 80ರಿಂದ 140. ನಿಮ್ಮ ಗಾಡಿಯ ನಿಖರ ಸಂಖ್ಯೆ ಮ್ಯಾನುಯಲ್‌ನಲ್ಲೇ ಇದೆ. ಪಾನದ ಮೇಲೆ ಕುಣಿಯುವವರ ಲೆಕ್ಕ ನಾನು ಹಾಕಲು ಹೋಗುವುದಿಲ್ಲ.

ಇನ್ನು ಗನ್. ಗಾಳಿಯ ಒತ್ತಡ ಎಷ್ಟಿತ್ತು, ಎಷ್ಟು ಹೊತ್ತು ಒತ್ತಿದರು ಎಂಬುದರ ಮೇಲೆ ಅದರ ಬಿಗಿ ಬದಲಾಗುತ್ತದೆ. ಸದ್ದು ಜೋರಾಗಿದೆ ಅಂದರೆ ಬಿಗಿ ಸರಿಯಾಗಿದೆ ಅಂತಲ್ಲ. ಒಂದು ನಟ್ ಜಾಸ್ತಿ, ಪಕ್ಕದ್ದು ಕಡಿಮೆ ಆದರೆ ಹೊಸ ಡಿಸ್ಕ್ ಸೊಟ್ಟ ಕೂರುತ್ತದೆ. ಆಮೇಲೆ ಬ್ರೇಕ್ ಹಾಕಿದಾಗೆಲ್ಲ ಪೆಡಲ್ ನಡುಗುತ್ತದೆ, ಬೈಗುಳ ಮಾತ್ರ ಡಿಸ್ಕ್ ಮಾಡಿದವರಿಗೆ.

ಕೈಯ ಅಂದಾಜನ್ನೂ ನಂಬುವಂತಿಲ್ಲ. ನೀವು ಹಾಕುವ ಬಲದಲ್ಲಿ ಸುಮಾರು ಶೇ 90 ಭಾಗ ಥ್ರೆಡ್‌ನಲ್ಲೂ ನಟ್‌ನ ಅಡಿಯಲ್ಲೂ ಉಜ್ಜಾಟಕ್ಕೇ ಹೋಗುತ್ತದೆ. ಸ್ಟಡ್ ಹಿಗ್ಗಿಸಲು ಉಳಿಯುವುದು ಶೇ 10ರ ಆಸುಪಾಸು. ತುಕ್ಕು ಹಿಡಿದ ಥ್ರೆಡ್‌ನಲ್ಲಿ ಕೈಗೆ ಬಿಗಿ ಅನ್ನಿಸುತ್ತದೆ, ಸ್ಟಡ್ ಹಿಗ್ಗಿರುವುದಿಲ್ಲ. ಗ್ರೀಸ್ ಹಚ್ಚಿದರೆ ಉಲ್ಟಾ: ಅಷ್ಟೇ ಬಲಕ್ಕೆ ಮಿತಿ ಮೀರಿ ಹಿಗ್ಗುತ್ತದೆ. ಮ್ಯಾನುಯಲ್ ಹೇಳದ ಹೊರತು ಥ್ರೆಡ್‌ಗೆ ಎಣ್ಣೆ, ಗ್ರೀಸ್ ಬೇಡ.

ಸರಿಯಾದ ದಾರಿ ತೀರಾ ಸರಳ. ಹಬ್, ಡಿಸ್ಕ್, ಚಕ್ರ ಮೂರರ ಮೈಯನ್ನೂ ಲೋಹ ಕಾಣುವಂತೆ ಉಜ್ಜಿ. ಚಕ್ರ ಇನ್ನೂ ಜಾಕ್ ಮೇಲಿದ್ದಾಗಲೇ ನಟ್‌ಗಳನ್ನು ಕೈಯಲ್ಲಿ ತಿರುಗಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ನೆಲಕ್ಕೆ ಇಳಿಸಿದ ಮೇಲೆ ಟಾರ್ಕ್ ರೆಂಚ್ (ಇಟ್ಟ ಸಂಖ್ಯೆಯಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನುವ ಪಾನ) ಹಾಕಿ ಒಂದು ಕ್ಲಿಕ್. "ಇರಲಿ" ಅಂತ ಇನ್ನೆರಡು ಕ್ಲಿಕ್ ಬೇಡ. 50ರಿಂದ 100 ಕಿ.ಮೀ. ಓಡಿಸಿ, ಚಕ್ರ ತಣ್ಣಗಿದ್ದಾಗ ಮತ್ತೊಮ್ಮೆ ಅದೇ ಸಂಖ್ಯೆಗೆ ರೆಂಚ್ ಹಾಕಿ ನೋಡಿ. ಆಗ ನಟ್ ಚೆನ್ನಾಗಿ ತಿರುಗಿದರೆ ಒಳಗೆ ಏನೋ ಸಿಕ್ಕಿಕೊಂಡಿದೆ, ಚಕ್ರ ಬಿಚ್ಚಲೇಬೇಕು. ನಟ್‌ನ ತಳವೂ ಚಕ್ರದ ತೂತಿಗೆ ಹೊಂದಬೇಕು. ಕೆಲವಕ್ಕೆ ಶಂಕುವಿನಾಕಾರ, ಹೋಂಡಾ ಕಾರುಗಳಲ್ಲಿ ಗುಂಡು ತಳ, ಟೊಯೊಟಾದ ಹಲವು ಅಲಾಯ್ ಚಕ್ರಕ್ಕೆ ವಾಷರ್ ಇರುವ ಚಪ್ಪಟೆ ತಳ. ಅದಲುಬದಲಾದರೆ ಯಾವ ರೆಂಚೂ ಕಾಪಾಡುವುದಿಲ್ಲ.

ಅಂದಹಾಗೆ, ಸಡಿಲವಾದದ್ದು ಎಡಗಡೆ ಅಂದಿರಿ. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗಾಡಿ ಮುಂದಕ್ಕೆ ಹೋಗುವಾಗ ಎಡ ಚಕ್ರ ಸುತ್ತುವ ದಿಕ್ಕು ಮಾಮೂಲಿ ನಟ್ ಬಿಚ್ಚುವ ದಿಕ್ಕೇ. ಅದುಮು ಸರಿಯಾಗಿದ್ದರೆ ಇದರಿಂದ ಏನೂ ಆಗುವುದಿಲ್ಲ. ಸಡಿಲವಾದ ಮೇಲೆ ಮಾತ್ರ ಎಡಗಡೆಯದು ಬೇಗ ಬಿಚ್ಚಿಕೊಳ್ಳಬಹುದು. ಈ ಭಯಕ್ಕೇ 1960ರ ದಶಕದ ಕ್ರೈಸ್ಲರ್ ಕಾರುಗಳಲ್ಲಿ, ಎಷ್ಟೋ ಹಳೇ ಲಾರಿಗಳಲ್ಲಿ ಎಡ ಚಕ್ರಕ್ಕೆ ಉಲ್ಟಾ ಥ್ರೆಡ್ ಕೊಡುತ್ತಿದ್ದರು. ಸೈಕಲ್ಲಿನ ಎಡ ಪೆಡಲ್‌ಗೆ ಇವತ್ತಿಗೂ ಉಲ್ಟಾ ಥ್ರೆಡ್ಡೇ. ಕಾರುಗಳಲ್ಲಿ ಅದು ನಿಂತುಹೋಯಿತು. ವಿಷಯ ಗೊತ್ತಿಲ್ಲದವರು ಬಿಚ್ಚುತ್ತೇವೆ ಅಂದುಕೊಂಡು ಇನ್ನಷ್ಟು ಬಿಗಿ ಮಾಡಿ ಸ್ಟಡ್ಡನ್ನೇ ಮುರಿಯುತ್ತಿದ್ದರು. ಹಳೇ ಗಾಡಿಯ ಎಡ ಚಕ್ರಕ್ಕೆ ಪಾನ ಹಾಕುವ ಮುಂಚೆ ಸ್ಟಡ್ ತುದಿಯ ಧೂಳು ಒರೆಸಿ ನೋಡಿ. ಅಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಕೊರೆದಿದ್ದರೆ ಬಲಕ್ಕೆ ತಿರುಗಿಸಿ, ಬಿಚ್ಚಿಕೊಳ್ಳುತ್ತದೆ.