ಗೋಡೆಯ ಕಲ್ಲಿನ ಹಿಂದೆ ಸಮಾಧಿ ಇರುತ್ತಾ?

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಳ ಹಳೇ ಚರ್ಚ್‌ಗಳಲ್ಲಿ ಗೋಡೆ ತುಂಬ ಒಂದೇ ಮನೆತನದ ಹೆಸರಿನ ಕಲ್ಲುಫಲಕಗಳು ಇರುತ್ತವಲ್ಲ, ಅವರನ್ನೆಲ್ಲ ಆ ಗೋಡೆಯಲ್ಲೇ ಹೂತಿದ್ದಾರಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಗೋಡೆಯ ಫಲಕ ಬರೀ ನೆನಪಿಗೆ. ಹೂತ ಜಾಗ ಬೇರೆ ಇರುತ್ತದೆ. ಚರ್ಚ್ ನೆಲದಡಿ ಆ ಮನೆತನ ಕಟ್ಟಿಸಿಕೊಂಡ ಕೋಣೆಯಲ್ಲೋ, ಹೊರಗಿನ ಅಂಗಳದಲ್ಲೋ. 'ಈ ಜಾಗದ ಹತ್ತಿರ ಮಲಗಿದ್ದಾರೆ' ಅಂತ ಎಷ್ಟೋ ಫಲಕಗಳು ಶುರುವಾಗುವುದು ಅದಕ್ಕೇ. ನೆಲದಲ್ಲಿ ಹೆಸರು ಕೊರೆದ ಚಪ್ಪಡಿ ಕಂಡರೆ ಕೆಳಗೆ ಸಮಾಧಿ ಇರುವ ಸಾಧ್ಯತೆ ಜಾಸ್ತಿ. ಅದೂ ಗ್ಯಾರಂಟಿ ಅಲ್ಲ. 19ನೇ ಶತಮಾನದಲ್ಲಿ ಚರ್ಚ್‌ಗಳನ್ನು ದುರಸ್ತಿ ಮಾಡಿಸುವಾಗ ಚಪ್ಪಡಿ ಎತ್ತಿ ಬೇರೆ ಕಡೆ ಹಾಸಿದ್ದೂ ಉಂಟು.

ಇನ್ನು, ಒಂದೇ ಮನೆತನ ಯಾಕೆ? ಊರಿನ ಜಮೀನು ಬಹುಪಾಲು ಅವರದು. ಎಷ್ಟೋ ಕಡೆ ಪಾದ್ರಿ ಯಾರಾಗಬೇಕು ಅಂತ ಹೇಳುವ ಹಕ್ಕೂ ಅವರದೇ. ಚರ್ಚ್‌ನಲ್ಲಿ ಅವರಿಗೆ ಬೇರೆ ಆಸನ, ಕೆಲವು ಕಡೆ ಒಂದು ಇಡೀ ಚಾಪೆಲ್, ಅಂದರೆ ಚರ್ಚ್ ಒಳಗೇ ಇರುವ ಚಿಕ್ಕ ಪ್ರಾರ್ಥನಾ ಕೋಣೆ. ಪ್ರಾರ್ಥನೆಗೆ ಬಂದ ಗೇಣಿದಾರ ಪ್ರತಿ ಭಾನುವಾರ ದಣಿಗಳ ಅಜ್ಜ, ಮುತ್ತಜ್ಜರ ಹೆಸರು ನೋಡುತ್ತಲೇ ಕೂರಬೇಕು. ಕೂಲಿಯಾಳುಗಳ ಸಮಾಧಿಗೆ ಹೊರಗಡೆ ಒಂದು ಕಲ್ಲೂ ಇರುತ್ತಿದ್ದುದು ಅಪರೂಪ. ನನ್ನ ಪ್ರಕಾರ ಈ ಫಲಕಗಳಲ್ಲಿ ದುಃಖ ಎಷ್ಟಿದೆಯೋ ಯಜಮಾನಿಕೆಯೂ ಅಷ್ಟೇ ಇದೆ.

ಬರಹವೂ ಕಾಲಕ್ಕೆ ತಕ್ಕಂತೆ ಬದಲಾಯಿತು. 16ನೇ ಶತಮಾನದ ಧರ್ಮಸುಧಾರಣೆಗೆ (ಇಂಗ್ಲೆಂಡಿನ ಚರ್ಚ್ ರೋಮಿನ ಪೋಪ್‌ನಿಂದ ಬೇರೆಯಾದದ್ದು) ಮುಂಚೆ 'ಇವರ ಆತ್ಮಕ್ಕಾಗಿ ಪ್ರಾರ್ಥಿಸಿ' ಅಂತ ಬರೆಸುತ್ತಿದ್ದರು. ಸತ್ತವರಿಗಾಗಿ ಪ್ರಾರ್ಥಿಸುವುದನ್ನೇ ಹೊಸ ಚರ್ಚ್ ಒಪ್ಪಲಿಲ್ಲ. ಆ ಗಲಾಟೆಯಲ್ಲಿ ಸ್ಮಾರಕಗಳನ್ನೂ ಒಡೆಯತೊಡಗಿದಾಗ, 'ಸಮಾಧಿ ಕಲ್ಲುಗಳನ್ನು ಕೆಡಿಸಬೇಡಿ' ಅಂತ 1560ರಲ್ಲಿ ಮೊದಲನೇ ಎಲಿಜಬೆತ್ ರಾಣಿಯೇ ಆಜ್ಞೆ ಹೊರಡಿಸಬೇಕಾಯಿತು. ಆಮೇಲೆ ಪ್ರಾರ್ಥನೆಯ ಜಾಗಕ್ಕೆ ವಂಶಾವಳಿ ಬಂತು, ಹೊಗಳಿಕೆ ಬಂತು. 18ನೇ ಶತಮಾನದ ಫಲಕ ಓದಿದರೆ ಊರಲ್ಲಿ ಕೆಟ್ಟ ಜಮೀನ್ದಾರ ಒಬ್ಬನೂ ಇರಲಿಲ್ಲ ಅನ್ನಿಸುತ್ತದೆ! ಸುಮ್ನೆ ನಂಬಬೇಡಿ. ಲೆಸ್ಟರ್‌ಶೈರ್‌ನ ಬಾಟಸ್‌ಫರ್ಡ್ ಚರ್ಚ್‌ನಲ್ಲಿ ರಟ್ಲೆಂಡ್‌ನ 6ನೇ ಅರ್ಲ್ (ಶ್ರೀಮಂತ ಮನೆತನದ ಪದವಿ) ಫ್ರಾನ್ಸಿಸ್ ಮ್ಯಾನರ್ಸ್ ಅವರ ಸ್ಮಾರಕವಿದೆ. ಅವರ ಇಬ್ಬರು ಗಂಡುಮಕ್ಕಳು ಚಿಕ್ಕ ವಯಸ್ಸಿಗೇ ಸತ್ತದ್ದು ಮಾಟಮಂತ್ರದಿಂದ ಅಂತ ಅದರ ಮೇಲೆ ಕೊರೆದಿದ್ದಾರೆ. ಆ ಆರೋಪಕ್ಕೆ 1619ರಲ್ಲಿ ಇಬ್ಬರು ಅಕ್ಕತಂಗಿಯರನ್ನು ಲಿಂಕನ್‌ನಲ್ಲಿ ಗಲ್ಲಿಗೇರಿಸಿದ್ದರು. ಆ ಹೆಂಗಸರ ಪರವಾಗಿ ಒಂದು ಮಾತು ಬರೆಯಲು ಅಲ್ಲಿ ಕಲ್ಲಿಲ್ಲ.

1850ರ ದಶಕದ ಕಾಯ್ದೆಗಳ ನಂತರ ಚರ್ಚ್ ಒಳಗೆ ಹೂಳುವುದು ಹೆಚ್ಚುಕಮ್ಮಿ ನಿಂತೇಹೋಯಿತು. ಫಲಕ ಹಾಕಿಸುವುದು ನಿಲ್ಲಲಿಲ್ಲ. ಮೊದಲ ಮಹಾಯುದ್ಧದಲ್ಲಂತೂ ಸತ್ತವರ ದೇಹವನ್ನು ಊರಿಗೆ ತರಲು ಸರ್ಕಾರವೇ ಬಿಡಲಿಲ್ಲ. ಸಾಮರ್ಸೆಟ್‌ನ ಮೆಲ್ಸ್ ಹಳ್ಳಿಯ ಚರ್ಚ್‌ನಲ್ಲಿ ಹಾರ್ನರ್ ಮನೆತನದ ಎಡ್ವರ್ಡ್ ಹಾರ್ನರ್ ಕುದುರೆ ಮೇಲೆ ಕೂತ ಪ್ರತಿಮೆ ಇದೆ. ಅವರು 1917ರಲ್ಲಿ ಫ್ರಾನ್ಸ್‌ನಲ್ಲಿ ಸತ್ತರು, ಅಲ್ಲೇ ಮಣ್ಣಾದರು. ಅಲ್ಲಿ ಅವರ ಸಮಾಧಿ ಮೇಲೆ ಮೊದಲು ನೆಟ್ಟಿದ್ದ ಮರದ ಶಿಲುಬೆಯನ್ನು ಮಾತ್ರ ತಂದು ಪ್ರತಿಮೆಯ ಪೀಠಕ್ಕೆ ಜೋಡಿಸಿದ್ದಾರೆ. ಪೀಠ ಮಾಡಿದ್ದು ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದ ಲುಟ್ಯೆನ್ಸ್.

ಈಗ ಯಾರಾದರೂ ಹೊಸ ಫಲಕ ಹಾಕಿಸಬಹುದಾ? ದುಡ್ಡಿದ್ದರೆ ಸಾಲದು. ಆ ಡಯಾಸಿಸ್‌ನ (ಒಬ್ಬ ಬಿಷಪ್ ಆಡಳಿತಕ್ಕೆ ಸೇರಿದ ಪ್ರದೇಶ) ಚರ್ಚ್ ನ್ಯಾಯಾಲಯದ ಅನುಮತಿ ಬೇಕು. ಊರಿಗೋ ದೇಶಕ್ಕೋ ವಿಶೇಷ ಸೇವೆ ಮಾಡಿದವರಲ್ಲದಿದ್ದರೆ ಅದು ಸಿಗುವುದು ಕಷ್ಟ. ಹಳೇ ಫಲಕಗಳು ಮಾತ್ರ ಕಾನೂನಿನ ಪ್ರಕಾರ ಚರ್ಚ್‌ನದಲ್ಲ, ಆ ಸತ್ತವರ ವಾರಸುದಾರರದು.

ಫಲಕದಲ್ಲಿರುವವರನ್ನು ನಿಜಕ್ಕೂ ಎಲ್ಲಿ ಹೂತರು ಅಂತ ತಿಳಿಯಬೇಕಾದರೆ ಆ ಊರಿನ ಚರ್ಚ್ ರಿಜಿಸ್ಟರ್ ನೋಡಬೇಕು. 1538ರಿಂದ ಇವನ್ನು ಬರೆದಿಡಬೇಕೆಂಬ ಆಜ್ಞೆ ಇತ್ತು. ಹಳೆಯವು ಈಗ ಹೆಚ್ಚಾಗಿ ಕೌಂಟಿಯ ದಾಖಲೆ ಕಚೇರಿಯಲ್ಲಿವೆ. ಬೆಂಗಳೂರಿನಲ್ಲೋ ಮದ್ರಾಸಿನಲ್ಲೋ ತೀರಿಕೊಂಡ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಯ ಫಲಕವಾಗಿದ್ದರೆ ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಭಾರತದಿಂದ ಕಳಿಸಿದ ಅಂಥ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.