ಬಿಸಿಲೇರಿದ ಮೇಲೆ ಬಾಸ್ ಮೀನು ಎಲ್ಲಿ ಹೋಗುತ್ತದೆ?

ಓದುಗರ ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಜುಲೈ, ಆಗಸ್ಟ್‌ನಲ್ಲಿ ಬೆಳಿಗ್ಗೆ ಎಂಟರ ತನಕ ಒಂದೆರಡು ಲಾರ್ಜ್‌ಮೌತ್ ಬಾಸ್ ಸಿಗುತ್ತವೆ. ಬಿಸಿಲೇರಿತೋ, ಮುಗಿಯಿತು. ಸಂಜೆಯ ತನಕ ಗಾಳ ಹಾಕಿ ಕೂತರೂ ಒಂದೂ ಕಚ್ಚುವುದಿಲ್ಲ. ಹಗಲಲ್ಲಿ ಹಿಡಿಯುವ ದಾರಿ ಇದೆಯೇ? ಯಾವ ರಾಡ್, ಯಾವ ಎರೆ ಬೇಕು?

ಉತ್ತರ: ಇದೆ. ಮೀನು ತಿನ್ನುವುದನ್ನು ಬಿಟ್ಟಿಲ್ಲ, ಜಾಗ ಬದಲಿಸಿದೆ. ಬೆಳಿಗ್ಗೆ ದಡದಂಚಿನಲ್ಲಿ ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ಓಡಾಡುತ್ತಿದ್ದ ಬಾಸ್, ಬಿಸಿಲೇರಿದಂತೆ ನೆರಳಿಗೋ ಆಳಕ್ಕೋ ಸರಿದು ಯಾವುದಾದರೂ ಮರದ ಬೊಡ್ಡೆಗೆ, ಕಲ್ಲಿಗೆ, ಕಂಬಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಆಗ ಅದು ದೂರ ಓಡಿ ಬೇಟೆಯಾಡುವುದಿಲ್ಲ. ಹಾಗಂತ ಬಾಯ ಮುಂದೆ ಬಿದ್ದದ್ದನ್ನು ಬಿಡುವುದೂ ಅಪರೂಪ. ಅದು ನಿಂತ ಜಾಗ ಹುಡುಕಬೇಕು, ಅಲ್ಲಿಗೆ ಸಿಕ್ಕಿಕೊಳ್ಳದ ಎರೆಯೊಂದನ್ನು ಇಳಿಸಿ ನಿಧಾನವಾಗಿ ಆಡಿಸಬೇಕು. ಇದಕ್ಕೆ ಟೆಕ್ಸಾಸ್ ರಿಗ್ ಎಂಬ ಒಂದು ಕಟ್ಟು, ಅಂದರೆ ಗುಂಡು ಪೋಣಿಸಿ ಕೊಕ್ಕೆಯ ಮೊನೆಯನ್ನು ಪ್ಲಾಸ್ಟಿಕ್ ಹುಳುವಿನಲ್ಲಿ ಅಡಗಿಸುವ ಜೋಡಣೆ, ಸಾಕು. ಹತ್ತು ಬಗೆಯ ಎರೆ ಕೊಂಡು ಗೊಂದಲ ಮಾಡಿಕೊಳ್ಳುವುದಕ್ಕಿಂತ ಇದೊಂದನ್ನು ಚೆನ್ನಾಗಿ ಕಲಿಯುವುದು ಮೇಲು.

ಮೊದಲು ಕಾರಣ ನೋಡೋಣ, ಜಾಗ ಹುಡುಕುವುದು ಅದರ ಮೇಲೇ ನಿಂತಿದೆ. ನೀರು ಬಿಸಿಯಾದಂತೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ, ನೀರಿನಲ್ಲಿ ಕರಗಿರುವ ಆಮ್ಲಜನಕ ಮಾತ್ರ ಕಡಿಮೆಯಾಗುತ್ತದೆ. 59 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಲೀಟರ್ ನೀರು ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 86 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. 5 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಬಾಸ್ ಬಳಲುತ್ತದೆ. ಊರಿನ ಕೆರೆಗಳಲ್ಲಿ ಕೊರವ ಹಿಡಿದು ರೂಢಿಯಿದ್ದವರು ಇಲ್ಲಿ ಎಡವುತ್ತಾರೆ. ಕೊರವ ನೀರಿನ ಮೇಲೆ ಬಂದು ಗಾಳಿ ಗುಟುಕರಿಸಬಲ್ಲದು, ಹಾಗಾಗಿ ಸುಡು ಬೇಸಿಗೆಯಲ್ಲೂ ಮೊಣಕಾಲುದ್ದದ ನೀರಿನ ಜೊಂಡಿನಲ್ಲಿ ಸಿಗುತ್ತದೆ. ಬಾಸ್‌ಗೆ ಆ ಅನುಕೂಲವಿಲ್ಲ. ಕಿವಿರಿಗೆ ದಕ್ಕುವಷ್ಟು ಆಮ್ಲಜನಕ ನೀರಿನಲ್ಲೇ ಇರಬೇಕು.

ಹಾಗಾದರೆ ಆಳಕ್ಕೆ ಹೋದಷ್ಟೂ ತಂಪು, ತಂಪಿದ್ದಲ್ಲಿ ಮೀನು ಎಂದು ಲೆಕ್ಕ ಹಾಕಿ 40 ಅಡಿಗೆ ಎರೆ ಇಳಿಸುವವರಿದ್ದಾರೆ. ಬೇಸಿಗೆಯಲ್ಲಿ ಇದು ಬಹುತೇಕ ವ್ಯರ್ಥ. ದೊಡ್ಡ ಜಲಾಶಯಗಳಲ್ಲಿ ಬೇಸಿಗೆಗೆ ನೀರು ಎರಡು ಪದರವಾಗುತ್ತದೆ: ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು. ಇವೆರಡರ ನಡುವಿನ ಗಡಿಗೆ ಥರ್ಮೋಕ್ಲೈನ್ ಎನ್ನುತ್ತಾರೆ. ಕೆಳಗಿನ ಪದರಕ್ಕೆ ಗಾಳಿ ಬೆರೆಯುವುದಿಲ್ಲ, ಬೆಳಕೂ ತಲುಪುವುದಿಲ್ಲ. ಅಲ್ಲಿ ಕೊಳೆಯುವ ಕಸಕಡ್ಡಿ ಇದ್ದ ಆಮ್ಲಜನಕವನ್ನೂ ಮುಗಿಸಿಬಿಡುತ್ತದೆ. ಟೆಕ್ಸಾಸ್‌ನ ಜಲಾಶಯಗಳಲ್ಲಿ ಈ ಗಡಿ ಸಾಮಾನ್ಯವಾಗಿ 15ರಿಂದ 25 ಅಡಿಗಳ ನಡುವೆ ಬರುತ್ತದೆ. ದೋಣಿಯಲ್ಲಿ ಫಿಶ್ ಫೈಂಡರ್ (ಶಬ್ದದ ಅಲೆಯಿಂದ ನೀರಿನೊಳಗಿನದನ್ನು ಪರದೆಯಲ್ಲಿ ತೋರಿಸುವ ಯಂತ್ರ) ಇದ್ದರೆ ಸೂಕ್ಷ್ಮತೆ ಸ್ವಲ್ಪ ಏರಿಸಿ ನೋಡಿ. ಪರದೆಯ ಅಡ್ಡಕ್ಕೆ ಮಸುಕಾದ ಪಟ್ಟಿಯೊಂದು ಕಾಣುತ್ತದೆ, ಮೀನಿನ ಗುರುತುಗಳೆಲ್ಲ ಅದರ ಮೇಲೆಯೇ ಇರುತ್ತವೆ. ಆ ಪಟ್ಟಿಗಿಂತ ಕೆಳಗೆ ಸಮಯ ಕಳೆಯಬೇಡಿ.

ದೋಣಿ ಇಲ್ಲದವರೇ ಹೆಚ್ಚು, ಆದ್ದರಿಂದ ದಡದಿಂದ ಎಲ್ಲಿ ಹುಡುಕಬೇಕು ಎಂಬುದನ್ನು ಬಿಡಿಸಿ ಹೇಳಬೇಕು. ನೆರಳು, ಆಳ, ಗಾಳಿ ಈ ಮೂರರಲ್ಲಿ ಎರಡಾದರೂ ಕೂಡಿದ ಜಾಗ ಬೇಕು. ದೋಣಿ ನಿಲ್ಲಿಸುವ ಡಾಕ್‌ಗಳು, ಸೇತುವೆಯ ಕಂಬಗಳು, ನೀರಿಗೆ ಬಾಗಿದ ಮರಗಳು, ಏರಿಯ ಕಲ್ಲುಗಟ್ಟು ಇವೆಲ್ಲ ಮೊದಲ ಆಯ್ಕೆ. ನೆರಳಿನ ಲೆಕ್ಕ ಹಾಕುವಾಗ ಒಂದು ವಿಷಯ ನೆನಪಿರಲಿ. ಬೇಸಿಗೆಯ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಡಲ್ಲಾಸ್‌ನಲ್ಲಿ ಜುಲೈಯಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ. ಹತ್ತು ಗಂಟೆಗೆ ಡಾಕಿನ ಪಶ್ಚಿಮಕ್ಕೆ ಇದ್ದ ನೆರಳು ಒಂದೂವರೆಗೆ ನೇರ ಅದರ ಅಡಿಗೆ ಸರಿದಿರುತ್ತದೆ, ನಾಲ್ಕಕ್ಕೆ ಪೂರ್ವಕ್ಕೆ ಬಂದಿರುತ್ತದೆ. ಮೀನು ನೆರಳಿನ ಜೊತೆಗೇ ಸರಿಯುತ್ತದೆ. ಅದೇ ಡಾಕಿಗೆ ಬೆಳಿಗ್ಗೆ ಎಸೆದ ಕಡೆಯೇ ಮಧ್ಯಾಹ್ನವೂ ಎಸೆದರೆ ಖಾಲಿ ನೀರಿಗೆ ಎಸೆದಂತೆ.

ಗಾಳಿಯನ್ನು ದೂರುವವರು ಬಹಳ. ಆದರೆ ಬೇಸಿಗೆಯಲ್ಲಿ ಗಾಳಿಯೇ ನೆಂಟ. ತೆರೆ ಎದ್ದರೆ ನೀರಿಗೆ ಆಮ್ಲಜನಕ ಬೆರೆಯುತ್ತದೆ, ಬೆಳಕು ಚದುರಿ ಮೀನಿನ ಎಚ್ಚರ ತುಸು ತಗ್ಗುತ್ತದೆ. ತೇಲುವ ಸೂಕ್ಷ್ಮಜೀವಿಗಳು ಗಾಳಿ ಹೊಡೆಯುವ ದಡಕ್ಕೆ ಸೇರುತ್ತವೆ, ಅವನ್ನು ತಿನ್ನಲು ಶ್ಯಾಡ್ ಎಂಬ ಸಣ್ಣ ಮೀನು, ಶ್ಯಾಡ್ ಹಿಂದೆ ಬಾಸ್. ಟೆಕ್ಸಾಸ್‌ನಲ್ಲಿ ಬೇಸಿಗೆಯ ಗಾಳಿ ಹೆಚ್ಚಾಗಿ ದಕ್ಷಿಣದಿಂದ ಬೀಸುತ್ತದೆ. ಹಾಗಾಗಿ ಜಲಾಶಯದ ಉತ್ತರ ದಡದಲ್ಲಿ, ಮುಖಕ್ಕೆ ಗಾಳಿ ಹೊಡೆಯುವಂತೆ ನಿಲ್ಲಿ. ಎಸೆತ ಕಷ್ಟವಾಗುತ್ತದೆ, ಆದರೂ ಬೆನ್ನಿಗೆ ಗಾಳಿ ಮಾಡಿಕೊಂಡು ನುಣುಪಾದ ನೀರಿಗೆ ಎಸೆಯುವುದಕ್ಕಿಂತ ಇದು ಲೇಸು.

ಬಡಾವಣೆಗಳ ಸಣ್ಣ ಕೊಳಗಳ ಕಥೆ ಬೇರೆ. ಫ್ರಿಸ್ಕೋ, ಪ್ಲೇನೋ ಕಡೆಯ ಅನೇಕ ಕನ್ನಡದ ಮನೆಗಳ ಹಿಂದೆಯೇ ಇಂಥ ಕೊಳ ಇರುತ್ತದೆ. ಗಾಳ ಹಾಕುವ ಅನುಮತಿ ಇದೆಯೇ ಎಂದು ಬಡಾವಣೆಯ ನಿವಾಸಿಗಳ ಸಂಘದ ಫಲಕ ಓದಿಕೊಳ್ಳಿ. ಪಾಚಿ ದಟ್ಟವಾದ ಕೊಳದಲ್ಲಿ ಮುಂಜಾನೆಯೇ ಶ್ರೇಷ್ಠ ಎಂಬ ಮಾತು ಎಷ್ಟೋ ಸಲ ಸುಳ್ಳಾಗುತ್ತದೆ. ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿಯಿಡೀ ಅದನ್ನು ಬಳಸುತ್ತದೆ, ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರ ತಗ್ಗಿರುತ್ತದೆ. ಇಂಥಲ್ಲಿ ಒಂಬತ್ತು, ಹತ್ತರ ಹೊತ್ತಿಗೆ ಮೀನು ಚುರುಕಾಗುವುದೂ ಉಂಟು. ಕೊಳದಲ್ಲಿ ಕಾರಂಜಿ ಅಥವಾ ಗಾಳಿಯ ಗುಳ್ಳೆ ಬಿಡುವ ಯಂತ್ರ ಇದ್ದರೆ ಅದರ ಸುತ್ತಲೇ ಮೊದಲು ಎಸೆಯಿರಿ. ಮಳೆನೀರಿನ ಮೋರಿ ಬಂದು ಬೀಳುವ ಮೂಲೆ ಎರಡನೆಯದು. ಸಣ್ಣ ಕೊಳದಲ್ಲಿ ದಡಕ್ಕೆ ಅಂಟಿ ನಡೆಯಬೇಡಿ. ಹೆಜ್ಜೆಯ ಅದುರು, ನೀರಿನ ಮೇಲೆ ಬೀಳುವ ನೆರಳು ಎರಡೂ ಮೀನಿಗೆ ಗೊತ್ತಾಗುತ್ತವೆ. ಹತ್ತಡಿ ಹಿಂದೆ ನಿಂತು ಮೊದಲ ಎಸೆತವನ್ನು ಕಾಲ ಬುಡದ ನೀರಿಗೇ ಹಾಕಿ.

ಇನ್ನು ಸಾಮಾನು. ಹೊಸಬರಿಗೆ 7 ಅಡಿಯ, ಮೀಡಿಯಂ ಅಥವಾ ಮೀಡಿಯಂ ಹೆವಿ ಬಲದ, ತುದಿ ಮಾತ್ರ ಬಾಗುವ ಫಾಸ್ಟ್ ಆ್ಯಕ್ಷನ್ ಸ್ಪಿನ್ನಿಂಗ್ ರಾಡ್, 2500 ಅಥವಾ 3000 ಅಳತೆಯ ರೀಲ್ ಸಾಕು. ರೀಲ್‌ಗೆ 15 ಪೌಂಡ್‌ನ ಬ್ರೇಡ್ ಲೈನ್ (ಎಳೆಗಳನ್ನು ಹೆಣೆದ ದಾರ) ಸುತ್ತಿ, ಅದರ ತುದಿಗೆ 12 ಪೌಂಡ್‌ನ ಫ್ಲೋರೋಕಾರ್ಬನ್ ಲೈನನ್ನು (ಒಂದೇ ಎಳೆಯ ಪಾರದರ್ಶಕ ದಾರ) ಆರೇಳು ಅಡಿ ಉದ್ದಕ್ಕೆ, ಎರಡು ಲೈನ್ ಜೋಡಿಸಲು ಬಳಸುವ ಡಬಲ್ ಯೂನಿ ಗಂಟಿನಿಂದ ಕಟ್ಟಿ. ಬ್ರೇಡ್ ಹಿಗ್ಗುವುದಿಲ್ಲ, ಆದ್ದರಿಂದ ತಳದ ಸುದ್ದಿ ಕೈಗೆ ತಕ್ಷಣ ತಲುಪುತ್ತದೆ. ಫ್ಲೋರೋಕಾರ್ಬನ್ ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ಬೇಟ್‌ಕ್ಯಾಸ್ಟಿಂಗ್ ರೀಲ್ ಪಳಗಿದವರು 15ರಿಂದ 17 ಪೌಂಡ್‌ನ ಫ್ಲೋರೋಕಾರ್ಬನ್ ಮಾತ್ರ ಹಾಕಿಕೊಳ್ಳಬಹುದು. ಮುಳುಗಿದ ಮರಗಳ ನಡುವೆ ಅದೇ ಸರಿ.

ಜೊತೆಗೆ 7 ಇಂಚಿನ ಪ್ಲಾಸ್ಟಿಕ್ ಹುಳು, 3/0 ಅಥವಾ 4/0 ಅಳತೆಯ ಆಫ್‌ಸೆಟ್ ಕೊಕ್ಕೆ (ಕಣ್ಣಿನ ಹತ್ತಿರ ಮೆಟ್ಟಿಲಿನಂತೆ ಮಡಿಚಿದ್ದು), ಬುಲೆಟ್ ಆಕಾರದ ಗುಂಡು. ಹತ್ತು ಇಂಚಿನ ದೊಡ್ಡ ಹುಳುವಾದರೆ 5/0 ಕೊಕ್ಕೆ ಬೇಕು. ಗುಂಡಿನ ತೂಕದಲ್ಲಿ ಬಹಳ ಜನ ತಪ್ಪುತ್ತಾರೆ. 10 ಅಡಿಯೊಳಗಿನ ನೀರಿಗೆ 3/16 ಔನ್ಸ್, ಹೆಚ್ಚೆಂದರೆ 1/4. 15 ಅಡಿಗೆ ಅಥವಾ ಗಾಳಿ ಇದ್ದರೆ 3/8. 20 ಅಡಿ ದಾಟಿದರೆ 1/2. ತಳ ಕೈಗೆ ತಿಳಿಯುವಷ್ಟು ಭಾರವಿದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಹುಳು ಕಲ್ಲಿನಂತೆ ಬೀಳುತ್ತದೆ, ಕಲ್ಲು ಸಂದಿಗೂ ಬೇಗ ಸಿಕ್ಕಿಕೊಳ್ಳುತ್ತದೆ. ಬಣ್ಣದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವುದು ಬೇಡ: ತಿಳಿನೀರಿಗೆ ಗ್ರೀನ್ ಪಂಪ್ಕಿನ್, ಕೆಂಪು ಮಣ್ಣಿನ ಕದಡಿದ ನೀರಿಗೆ ಕಪ್ಪು-ನೀಲಿ.

ಕಟ್ಟುವ ಕ್ರಮ ನಿಧಾನವಾಗಿ ನೋಡಿ, ಅರ್ಧ ಸೋಲು ಇಲ್ಲೇ ಆಗುತ್ತದೆ. ಗುಂಡಿನ ಚೂಪು ತುದಿ ರಾಡಿನ ಕಡೆಗಿರುವಂತೆ ಲೈನ್ ಪೋಣಿಸಿ, ಕೊಕ್ಕೆಗೆ ಪಾಲೊಮಾರ್ ಗಂಟು ಹಾಕಿ (ಲೈನನ್ನು ಜೋಡಿ ಮಡಿಸಿ ಕೊಕ್ಕೆಯ ಕಣ್ಣಿಗೆ ತೂರಿಸಿ, ಸಡಿಲ ಗಂಟು ಹಾಕಿ, ಕುಣಿಕೆಯೊಳಗಿಂದ ಕೊಕ್ಕೆ ದಾಟಿಸಿ ಬಿಗಿಯುವುದು). ಬಿಗಿಯುವ ಮುನ್ನ ಗಂಟನ್ನು ಒದ್ದೆ ಮಾಡಲೇಬೇಕು. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ಫ್ಲೋರೋಕಾರ್ಬನ್ ಸೊರಗುತ್ತದೆ, ಮೀನು ಎಳೆದಾಗ ಅಲ್ಲೇ ಕಡಿಯುತ್ತದೆ. ಈಗ ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಯ ನಟ್ಟನಡುವೆ ಕಾಲು ಇಂಚು ಚುಚ್ಚಿ ಪಕ್ಕದಿಂದ ಹೊರತೆಗೆಯಿರಿ. ಕೊಕ್ಕೆಯನ್ನು ಪೂರ್ತಿ ಎಳೆದು, ಅದರ ಕಣ್ಣು ತಲೆಯೊಳಗೆ ಹುದುಗಿದ ಮೇಲೆ ಅರ್ಧ ಸುತ್ತು ತಿರುಗಿಸಿ, ಮೊನೆ ಹುಳುವಿನ ಕಡೆಗೆ ಬರಲಿ. ಕೊಕ್ಕೆಯನ್ನು ಹುಳುವಿನ ಪಕ್ಕಕ್ಕೆ ಹಿಡಿದು ಅದರ ಬಾಗು ಎಲ್ಲಿಗೆ ಬರುತ್ತದೆ ನೋಡಿಕೊಂಡು, ಸರಿಯಾಗಿ ಅಲ್ಲೇ ನೇರವಾಗಿ ಚುಚ್ಚಿ ಆಚೆ ಬದಿಗೆ ತನ್ನಿ. ಕೊನೆಗೆ ಮೊನೆಯನ್ನು ಹುಳುವಿನ ಮೇಲ್ಚರ್ಮಕ್ಕೆ ಎಳ್ಳಷ್ಟು ಸಿಕ್ಕಿಸಿ. ಕಸಕಡ್ಡಿಗೆ ಸಿಕ್ಕದಿರುವುದು ಇದರಿಂದಲೇ. ಹುಳು ಸೂಜಿಯಂತೆ ನೇರವಾಗಿ ತೂಗಬೇಕು. ಕೊಂಚ ಬಾಗಿದ್ದರೂ ಎಳೆಯುವಾಗ ಗಿರಗಿರ ಸುತ್ತಿ ಲೈನನ್ನು ಮುರುಚುತ್ತದೆ. ಬಾಗಿದ್ದರೆ ಮತ್ತೆ ಬಿಚ್ಚಿ ಚುಚ್ಚಿ, ಸೋಮಾರಿತನ ಬೇಡ.

ಎಸೆದ ಮೇಲೆ ರೀಲ್ ಸುತ್ತುವ ಚಪಲ ಬಿಡಬೇಕು. ಲೈನ್ ತುಸು ಸಡಿಲವಾಗಿರುವಂತೆ ಹುಳುವನ್ನು ತಳಕ್ಕೆ ಇಳಿಯಲು ಬಿಟ್ಟು ಲೈನಿನ ಮೇಲೆಯೇ ಕಣ್ಣಿಡಿ. ಬೇಸಿಗೆಯ ಎಷ್ಟೋ ಕಡಿತಗಳು ಹುಳು ಇಳಿಯುವಾಗಲೇ ಬೀಳುತ್ತವೆ. ತಳ ಮುಟ್ಟಿದ ಮೇಲೆ ಐದು ಎಣಿಸಿ. ಆಮೇಲೆ ರಾಡಿನ ತುದಿಯನ್ನು ಗಡಿಯಾರದ ಒಂಬತ್ತರಿಂದ ಹನ್ನೊಂದರ ಗುರುತಿಗೆ ನಿಧಾನವಾಗಿ ಎತ್ತಿ. ಮತ್ತೆ ಇಳಿಸುತ್ತ, ಸಡಿಲವಾದಷ್ಟು ಲೈನ್ ಮಾತ್ರ ಸುತ್ತಿಕೊಳ್ಳಿ. ಎರೆಯನ್ನು ಆಡಿಸಬೇಕಾದ್ದು ರಾಡು. ಮರದ ಕೊಂಬೆಗೋ ಕಲ್ಲಿಗೋ ತಾಗಿದ್ದು ತಿಳಿದರೆ ಅದೇ ನೀವು ಹುಡುಕುತ್ತಿದ್ದ ಜಾಗ. ಅಲ್ಲೇ ನಿಲ್ಲಿಸಿ, ತುದಿಯನ್ನು ಮೆಲ್ಲಗೆ ನಡುಗಿಸಿ, ದಾಟಿಸಿ ಆಚೆಗೆ ಬೀಳಿಸಿ.

ಟಕಟಕಟಕ ಎಂದು ಬಿಡದೆ ಕುಟುಕಿದರೆ ಅದು ಹುಳುವಿನ ಬಾಲ ಕಚ್ಚುವ ಬ್ಲೂಗಿಲ್ ಎಂಬ ಸಣ್ಣ ಮೀನು, ಬಿಡಿ. ಬಾಸ್ ಆದರೆ ಒಂದು ಗಟ್ಟಿ ಟಕ್, ಅಥವಾ ಲೈನ್ ತಾನಾಗಿ ಪಕ್ಕಕ್ಕೆ ಸರಿಯುವುದು, ಅಥವಾ ಎತ್ತಿದಾಗ ಒದ್ದೆ ಬಟ್ಟೆ ಸಿಕ್ಕಂಥ ಮೆತ್ತನೆಯ ಭಾರ. ತಕ್ಷಣ ರಾಡ್ ತುದಿ ನೀರಿನ ಕಡೆಗೆ ಇಳಿಸಿ, ಸಡಿಲ ಲೈನನ್ನು ಸುತ್ತಿ, ಬಿಗಿ ಬಂದೊಡನೆ ಜೋರಾಗಿ ಮೇಲಕ್ಕೆಳೆಯಿರಿ. ಸಡಿಲ ಲೈನಿನ ಮೇಲೆ ಎಷ್ಟು ಬಲವಾಗಿ ಎಳೆದರೂ ಆ ಪೆಟ್ಟು ಕೊಕ್ಕೆಗೆ ತಲುಪುವುದಿಲ್ಲ. ಮೀನು ಜಿಗಿದು ಹುಳು ಉಗುಳಿ ಹೋಗುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ, ಇಲ್ಲವೇ ಮೊಂಡಾದ ಕೊಕ್ಕೆ. ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ, ಗೀರದೆ ಜಾರಿದರೆ ಬದಲಿಸಿ. ರೀಲಿನ ಡ್ರ್ಯಾಗ್ ಅನ್ನು (ಮೀನು ಜೋರಾಗಿ ಎಳೆದಾಗ ಲೈನ್ ಬಿಟ್ಟುಕೊಡುವ ಬಿಗಿ) ಲೈನಿನ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಇಡಿ, 12 ಪೌಂಡ್ ಲೈನಿಗೆ ಮೂರು-ನಾಲ್ಕು ಪೌಂಡ್. ಪ್ರತಿ ಮೀನಿನ ನಂತರ, ಪ್ರತಿ ಸಲ ಸಿಕ್ಕಿಕೊಂಡು ಬಿಡಿಸಿದ ನಂತರ ಲೈನಿನ ಕೊನೆಯ ಎರಡು ಅಡಿಯನ್ನು ಬೆರಳ ನಡುವೆ ಸವರಿ. ಒರಟು ತಗುಲಿದರೆ ಕತ್ತರಿಸಿ ಹೊಸ ಗಂಟು ಹಾಕಿ.

ಮೋಡ ಕವಿದ ದಿನ ಈ ಲೆಕ್ಕವೆಲ್ಲ ಸಡಿಲವಾಗುತ್ತದೆ, ಮೀನು ನೆರಳು ಬಿಟ್ಟು ಓಡಾಡುತ್ತದೆ, ಮೇಲ್ನೀರಿನ ಎರೆಯನ್ನೂ ಹೊಡೆಯುತ್ತದೆ. ಆದರೆ ಗುಡುಗು ಕೇಳಿದೊಡನೆ ಗಾಳ ಮಡಚಿ. ಗ್ರ್ಯಾಫೈಟ್ ರಾಡ್ ವಿದ್ಯುತ್ ಹರಿಸುತ್ತದೆ.

ಕಾನೂನಿನ ಮಾತು ಚುಟುಕಾಗಿ. ಟೆಕ್ಸಾಸ್‌ನ ಸಾರ್ವಜನಿಕ ನೀರಿನಲ್ಲಿ 17 ತುಂಬಿದವರಿಗೆ ಲೈಸೆನ್ಸ್ ಬೇಕು, ವಾರ್ಷಿಕ ಲೈಸೆನ್ಸ್ ಹೆಚ್ಚಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಊರಿನಿಂದ ಬಂದ ಅಪ್ಪ-ಅಮ್ಮ ಕೈಗೆ ರಾಡ್ ಕೊಡುವುದಾದರೆ ಅವರಿಗೂ ಒಂದು ದಿನದ ಲೈಸೆನ್ಸ್ ತೆಗೆಸಿ, ಅಥವಾ ಸ್ಟೇಟ್ ಪಾರ್ಕ್‌ಗೆ ಕರೆದೊಯ್ಯಿರಿ. ಪಾರ್ಕಿನೊಳಗೆ ದಡದಿಂದ ಇಲ್ಲವೇ ಪಿಯರ್‌ನಿಂದ (ನೀರಿನೊಳಗೆ ಚಾಚಿದ ಕಟ್ಟೆ) ಹಿಡಿಯಲು ಲೈಸೆನ್ಸ್ ಬೇಡ. ಇಟ್ಟುಕೊಳ್ಳುವ ಲಾರ್ಜ್‌ಮೌತ್‌ಗೆ ರಾಜ್ಯದ ಸಾಮಾನ್ಯ ಮಿತಿ ಕನಿಷ್ಠ 14 ಇಂಚು, ದಿನಕ್ಕೆ ಐದು. ಕೆಲವು ಜಲಾಶಯಗಳ ನಿಯಮ ಬೇರೆ. 1992ರಲ್ಲಿ 18.18 ಪೌಂಡ್‌ನ ರಾಜ್ಯ ದಾಖಲೆಯ ಬಾಸ್ ಸಿಕ್ಕ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನದ್ದನ್ನು ನೀರಿಗೇ ಬಿಡಬೇಕು.

ಬಿಡುವ ಮೀನಿಗೆ ಬೇಸಿಗೆಯಲ್ಲಿ ಪ್ರತಿ ನಿಮಿಷವೂ ಭಾರ. ಬಹಳ ಹೊತ್ತು ಆಡಿಸದೆ ಬೇಗ ಎಳೆದುಕೊಳ್ಳಿ, ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಸುಡುವ ಕಾಂಕ್ರೀಟಿನ ಮೇಲೆ ಎಂದೂ ಇಡಬೇಡಿ. ಕೆಳದುಟಿ ಹಿಡಿದು ನೇರವಾಗಿ ತೂಗಿಸಬಹುದು. ದೊಡ್ಡದನ್ನು ಅಡ್ಡ ಹಿಡಿಯುವುದಾದರೆ ಇನ್ನೊಂದು ಕೈ ಹೊಟ್ಟೆಯಡಿ ಇರಲಿ, ಇಲ್ಲದಿದ್ದರೆ ದವಡೆಗೆ ಏಟಾಗುತ್ತದೆ. ಕೊಕ್ಕೆ ಗಂಟಲಿನಲ್ಲಿ ಆಳಕ್ಕೆ ಇಳಿದಿದ್ದು ಸುಲಭವಾಗಿ ಬರದಿದ್ದರೆ ಜಗ್ಗಾಡಬೇಡಿ, ಲೈನನ್ನು ಕೊಕ್ಕೆಯ ಹತ್ತಿರಕ್ಕೆ ಕತ್ತರಿಸಿ ಮೀನನ್ನು ಬಿಡಿ. ಫೋಟೋ ಬೇಕಾದರೆ ಮೀನು ಇನ್ನೂ ನೀರಿನಲ್ಲಿರುವಾಗಲೇ ಕ್ಯಾಮೆರಾ ತಯಾರಿಟ್ಟುಕೊಳ್ಳಿ.