ಫಿಲ್ಮ್ ಸ್ಕ್ಯಾನಿಂಗ್: ಚುಕ್ಕೆ ಎಲ್ಲಿಂದ, ಗೆರೆ ಎಲ್ಲಿಂದ

ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಕೊಳೆ ಕಂಡ ಕೂಡಲೇ ಬಟ್ಟೆ ಹಿಡಿದು ಒರೆಸಲು ಹೋಗಬೇಡಿ. ಮೊದಲು ಅದರ ಆಕಾರ ನೋಡಿ. ಚುಕ್ಕೆಯೋ ಎಳೆಯೋ ಆಗಿದ್ದರೆ ಧೂಳು ಫಿಲ್ಮ್ ಮೇಲಿದೆ, ಫ್ಲಾಟ್‌ಬೆಡ್ (ಗಾಜಿನ ಹಾಸಿನ ಮೇಲೆ ಇಟ್ಟು ಸ್ಕ್ಯಾನ್ ಮಾಡುವ ಯಂತ್ರ) ಆದರೆ ಗಾಜಿನ ಮೇಲೂ ಇರಬಹುದು. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೇರ ಗೆರೆ ಇದ್ದರೆ ಅನುಮಾನ ಸ್ಕ್ಯಾನರ್ ಮೇಲೆ.

ಕಾರಣ ಸರಳ. ಸ್ಕ್ಯಾನರ್ ಒಳಗಿನ ಸೆನ್ಸರ್, ಅಂದರೆ ಬೆಳಕನ್ನು ಓದುವ ಭಾಗ, ಇಡೀ ಚಿತ್ರವನ್ನು ಒಂದೇ ಸಲ ನೋಡುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಫಿಲ್ಮ್ ಮೇಲಿನ ಕಣ ಕೆಲವೇ ಸಾಲುಗಳಲ್ಲಿ ಬಂದು ಹೋಗುತ್ತದೆ. ಸೆನ್ಸರ್ ಮೇಲೆ ಕೂತ ಕಣ ಪ್ರತಿ ಸಾಲಿನಲ್ಲೂ ಅದೇ ಪಿಕ್ಸೆಲನ್ನು ಮುಚ್ಚುತ್ತದೆ. ಅದೇ ಉದ್ದಕ್ಕೆ ಗೆರೆಯಾಗುತ್ತದೆ.

ಗೆರೆಗೆ ಇನ್ನೊಂದು ಮೂಲ ಕ್ಯಾಲಿಬ್ರೇಷನ್, ಅಂದರೆ ಯಂತ್ರ ತನ್ನ ಅಳತೆಯನ್ನು ತಾನೇ ಸರಿಪಡಿಸಿಕೊಳ್ಳುವುದು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರೆ ಅರ್ಧ ತಲೆನೋವು ಕಡಿಮೆ. ಸ್ಕ್ಯಾನ್ ಶುರುವಿಗೆ ಮೊದಲು ಯಂತ್ರ ಫಿಲ್ಮ್ ಇಲ್ಲದ ಜಾಗದಲ್ಲಿ ಬರೀ ಬೆಳಕನ್ನು ಅಳೆಯುತ್ತದೆ. ಯಾವ ಪಿಕ್ಸೆಲ್‌ಗೆ ಬೆಳಕು ಕಡಿಮೆ ಸಿಕ್ಕಿತೋ ಅದರ ಲೆಕ್ಕವನ್ನು ಏರಿಸಿ ಸರಿದೂಗಿಸುತ್ತದೆ. ಆ ಜಾಗದಲ್ಲಿ ಧೂಳಿದ್ದರೆ ಈ ಏರಿಕೆ ಸುಮ್ನೆ ಚಿತ್ರದ ಉದ್ದಕ್ಕೂ ಉಳಿಯುತ್ತದೆ. ಚಿತ್ರ ಇದ್ದ ಹಾಗೇ ಕಾಣುವ ಸ್ಲೈಡ್‌ನಲ್ಲಿ ಬಿಳಿಚಿದ ಗೆರೆ, ಬೆಳಕು ನೆರಳು ತಿರುವುಮುರುವಾಗಿರುವ ನೆಗೆಟಿವ್ ಆದರೆ ಅದನ್ನು ಪಾಸಿಟಿವ್ (ಸರಿ ಚಿತ್ರ) ಮಾಡಿದ ಮೇಲೆ ಗಾಢ ಗೆರೆ. ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಸಾಲಿರುವ ಸೆನ್ಸರ್‌ನಲ್ಲಿ ಒಂದಕ್ಕೆ ಮಾತ್ರ ಅಡ್ಡಿಯಾದರೆ ಗೆರೆಗೆ ಬಣ್ಣ ಬರುತ್ತದೆ. ಅನೇಕ ಫ್ಲಾಟ್‌ಬೆಡ್‌ಗಳಲ್ಲಿ ಫಿಲ್ಮ್ ಹಿಡಿದಿಡುವ ಹೋಲ್ಡರ್ ತುದಿಯಲ್ಲಿ ಖಾಲಿ ಕಿಂಡಿಯೊಂದು ಇರುತ್ತದಲ್ವಾ, ಅದು ಇದಕ್ಕೇ. ಅದನ್ನು ಮುಚ್ಚಬೇಡಿ, ಅದರ ಕೆಳಗಿನ ಗಾಜನ್ನೂ ಒರೆಸಿ.

ಆದರೆ ಫಿಲ್ಮ್ ಮೇಲಿನ ಗೀರು ಕೂಡ ಉದ್ದಕ್ಕೆ ನೇರವಾಗಿಯೇ ಇರಬಹುದು. ಅನುಮಾನ ಇದ್ದರೆ ಫಿಲ್ಮನ್ನು ತಲೆಕೆಳಗಾಗಿ ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಿ. ಗೆರೆ ಪರದೆಯಲ್ಲಿ ಇದ್ದಲ್ಲೇ ಇದ್ದರೆ ದೋಷ ಯಂತ್ರದ್ದು. ಚಿತ್ರದ ಜೊತೆ ತಿರುಗಿದರೆ ಫಿಲ್ಮಿನದು.

ಧೂಳಿನ ಚುಕ್ಕೆ ಸ್ಲೈಡ್‌ನಲ್ಲಿ ಕಪ್ಪು, ನೆಗೆಟಿವ್‌ನಿಂದ ಬಂದ ಚಿತ್ರದಲ್ಲಿ ಬಿಳಿ. 4000 ಡಿಪಿಐನಲ್ಲಿ (ಇಂಚಿಗೆ 4000 ಪಿಕ್ಸೆಲ್) ಒಂದು ಪಿಕ್ಸೆಲ್ ಎಂದರೆ ಫಿಲ್ಮ್ ಮೇಲೆ ಸುಮಾರು 6.35 ಮೈಕ್ರಾನ್. ಹಾಗಾಗಿ ಬರಿಗಣ್ಣಿಗೆ ಕಾಣದ ಕಣವೂ ಇಲ್ಲಿ ಎದ್ದು ಕಾಣುತ್ತದೆ. ಕೈಪಂಪಿನ ಬ್ಲೋಯರ್‌ನಿಂದ ಗಾಳಿ ಊದಿ, ಆಮೇಲೆ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ತಡೆಯುವ ಮೆತ್ತನೆ ಬ್ರಷ್ ಆಡಿಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಒಣ ಹವೆಯಲ್ಲಿ ಸ್ಟ್ಯಾಟಿಕ್ ಜಾಸ್ತಿ, ಫಿಲ್ಮ್ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ.

ಇನ್‌ಫ್ರಾರೆಡ್ ಕ್ಲೀನಿಂಗ್, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳನ್ನು ಗುರುತಿಸಿ ಸ್ಕ್ಯಾನ್ ಚಿತ್ರದಿಂದ ಅಳಿಸುವುದು, ನಿಜಕ್ಕೂ ಒಳ್ಳೆಯ ಉಪಾಯ. ಹೆಚ್ಚಿನ ಕಲರ್ ಫಿಲ್ಮ್‌ಗಳ ಬಣ್ಣಗಳ ಮೂಲಕ ಆ ಬೆಳಕು ಸಲೀಸಾಗಿ ಹಾದುಹೋಗುತ್ತದೆ, ಧೂಳು ಮಾತ್ರ ತಡೆಯುತ್ತದೆ. ಹಾಗಾಗಿ ಧೂಳಿನದೇ ಒಂದು ನಕ್ಷೆ ಸಿಗುತ್ತದೆ. ಸಾಮಾನ್ಯ ಕಪ್ಪುಬಿಳುಪು ಫಿಲ್ಮಿಗೆ ಇದು ಬೇಡ. ಅದರ ಚಿತ್ರ ಬೆಳ್ಳಿಯದು. ಬೆಳ್ಳಿಯೂ ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದರಿಂದ ಚಿತ್ರದ ವಿವರವನ್ನೇ ಧೂಳೆಂದು ಅಳಿಸಿಬಿಡುತ್ತದೆ. ಕ್ಯಾಲಿಬ್ರೇಷನ್ ಗೆರೆಗೂ ಇದನ್ನು ನಂಬಬೇಡಿ, ಅದು ಫಿಲ್ಮ್ ಮೇಲೆ ಇಲ್ಲವೇ ಇಲ್ಲ.

ಚುಕ್ಕೆಯೂ ಅಲ್ಲ, ಗೆರೆಯೂ ಅಲ್ಲ, ಬೆಳಕಿನ ಭಾಗದ ಸುತ್ತ ಮಂಜು ಹರಡಿದ ಹಾಗೆ ಕಂಡರೆ ಒಳಗಿನ ಕನ್ನಡಿಯೋ ಲೆನ್ಸೋ ಮಸುಕಾಗಿರಬಹುದು. ಆ ಕನ್ನಡಿಯ ಲೇಪನ ಮೇಲ್ಮೈಯಲ್ಲೇ ಇರುತ್ತದೆ, ಒತ್ತಿ ಒರೆಸಿದರೆ ಗೀರು ಬೀಳುತ್ತದೆ. ಯಂತ್ರ ಬಿಚ್ಚಿ ಅಭ್ಯಾಸ ಇಲ್ಲದವರು ಅದನ್ನು ರಿಪೇರಿಯವರಿಗೆ ಕೊಡಿ.